ಸಂಘದ ಹೆಸರೂ ಊರಿನ ಹೆಸರೂ

ಕಾಲ್ಚೆಂಡಿನ ಸಂಘವೊಂದು ಒಂದು ಊರಿನದೆನಿಸಿಕೊಳ್ಳುವುದು ಯಾವುದರಿಂದ? ಹೆಸರಿನಿಂದಲೋ, ಹಣದಿಂದಲೋ, ಆಟಗಾರರ ಹುಟ್ಟಿನಿಂದಲೋ? ‘ಬೆಂಗಳೂರು ಮುಸ್ಲಿಮ್ಸ್’ ಸಂಘದ ಚರಿತ್ರೆ ಈ ಪ್ರಶ್ನೆಗೆ ಬೆಳಕು ಬೀರುತ್ತದೆ.

ಮುಂಬಯಿಯ ರೋವರ್ಸ್ ಕಪ್ ಪಂದ್ಯಗಳು 1891ರಲ್ಲಿ ಆರಂಭವಾದುವು. ನಾಲ್ಕು ದಶಕಗಳಿಗೂ ಮೀರಿ ಆ ಕಪ್ಪು ಬ್ರಿಟಿಷ್ ಸೈನ್ಯದ ತಂಡಗಳ ಸ್ವತ್ತೇ ಆಗಿದ್ದಿತು. 1937ರಲ್ಲಿ ಅದನ್ನು ಗೆದ್ದ ಮೊದಲನೆಯ ಭಾರತೀಯ ನಾಗರಿಕ ತಂಡ ಇದೇ. ಮರುವರ್ಷವೂ ಜಯ ಇವರದೇ; 1948ರಲ್ಲಿ ಮತ್ತೊಮ್ಮೆ.

1937ರ ಅಂತಿಮ ಪಂದ್ಯದಲ್ಲಿ ಇದಿರಾಳಿಯಾಗಿದ್ದುದು ಕಲ್ಕತ್ತೆಯ ಮೊಹಮ್ಮಡನ್ ಸ್ಪೋರ್ಟಿಂಗ್. ಎರಡು ತಂಡಗಳೂ ಒಂದೇ ಸಮುದಾಯದ ಹೆಸರನ್ನು ಹೊತ್ತಿದ್ದುವು. ಅವುಗಳನ್ನು ಬೇರ್ಪಡಿಸಿದುದು ಊರು ಮಾತ್ರ. ಆದುದರಿಂದ ಆ ಗೆಲವು ಬೆಂಗಳೂರಿನದಾಯಿತು.

2013ರಲ್ಲಿ ಉದ್ಯಮ ಸಂಸ್ಥೆಯೊಂದರ ಬಂಡವಾಳದಿಂದ ವೃತ್ತಿಪರ ಸಂಘವಾದ ಬೆಂಗಳೂರು ಎಫ್‌ಸಿ ಹುಟ್ಟಿತು. ಮೊದಲ ಋತುವಿನಲ್ಲಿಯೇ ಐ-ಲೀಗ್ ಗೆದ್ದಿತು. ಅದರ ನಾಯಕ ಸುನೀಲ್ ಛೇತ್ರಿ ಹುಟ್ಟಿದುದು ಸಿಕಂದರಾಬಾದಿನಲ್ಲಿ. ಆದರೂ ಊರಿನವರು ಆ ತಂಡವನ್ನು ತಮ್ಮದೆಂದೇ ಬಗೆದರು.

ಹಣ ತಂಡವನ್ನು ಕಟ್ಟಬಲ್ಲುದು. ತಮ್ಮದೆಂಬ ಭಾವವನ್ನು ಜನರೇ ಕೊಡಬೇಕು. ಆ ಭಾವಕ್ಕೆ ನೆನಪೇ ಆಧಾರ. ಹೊಸ ಸಂಘಕ್ಕೆ ಜಯಘೋಷ ಮಾಡುವವರು 1937ನ್ನು ಮರೆತರೆ, ತಮ್ಮ ಊರಿನ ಆಟದ ಪರಂಪರೆಯನ್ನೇ ಅರ್ಧಮರ್ಧವಾಗಿ ಅರಿತಂತಾಗುವುದು.