ನಗರದಂಚಿನ ಕಾಡು ಮತ್ತು ಗಾಳಿಯಲ್ಲಿನ ವಿಷಲೋಹಗಳು

ಹೊಟ್ಟೆಪಾಡಿಗಾಗಿ ಊರು ಬಿಟ್ಟು ಮಹಾನಗರಗಳಲ್ಲಿ ನೆಲೆಸಿದ ನಮ್ಮಂಥವರಿಗೆ ನಗರದ ಮಗ್ಗುಲಿನ ಕಾಡು ತವರಿನ ನೆನಪನ್ನು ತರುತ್ತದೆ. ಮುಂಬಯಿಯ ಕನ್ನಡಿಗರು ರವಿವಾರ ಮುಂಜಾನೆ ಮಕ್ಕಳೊಡನೆ ಬೊರಿವಲಿಯ ರಾಷ್ಟ್ರೀಯ ಉದ್ಯಾನಕ್ಕೆ ಹೋಗಿ, ‘ಇಲ್ಲಿಯ ಗಾಳಿಯೇ ಬೇರೆ’ ಎನ್ನುವುದುಂಟು. ಮಾತು ಸುಳ್ಳಲ್ಲ. ಆದರೆ ನಗರದ ಗಾಳಿ ಕಾಡನ್ನು ಹೊಕ್ಕಾಗ ಅದರಲ್ಲಿದ್ದ ಕಲ್ಮಷ ಎಲ್ಲಿಗೆ ಹೋಯಿತು ಎಂದು ನಾವು ಯೋಚಿಸುವುದು ಅಪರೂಪ.

ಸೀಸ, ಕ್ಯಾಡ್ಮಿಯಂ, ಪಾದರಸ, ನಿಕ್ಕಲ್, ಸತು, ತಾಮ್ರ ಮೊದಲಾದವನ್ನು ಭಾರಲೋಹಗಳೆಂದು ಕರೆಯುವರು. ಸತು, ತಾಮ್ರಗಳು ಅತ್ಯಲ್ಪ ಪ್ರಮಾಣದಲ್ಲಿ ದೇಹಕ್ಕೆ ಬೇಕಾದವೇ. ಸೀಸ, ಕ್ಯಾಡ್ಮಿಯಂ, ಪಾದರಸಗಳಿಂದ ದೇಹಕ್ಕೆ ಯಾವ ಉಪಯೋಗವೂ ಇಲ್ಲ. ಲೋಹ ಕರಗಿಸುವ ಕುಲುಮೆಗಳು, ಕಲ್ಲಿದ್ದಲು ಉರಿಸುವ ವಿದ್ಯುತ್ ಸ್ಥಾವರಗಳು, ಹಳೆಯ ಬ್ಯಾಟರಿ ಒಡೆದು ಸೀಸ ತೆಗೆಯುವ ಚಿಕ್ಕಪುಟ್ಟ ಕಾರಖಾನೆಗಳು, ಕಸದ ರಾಶಿಗೆ ಇಟ್ಟ ಬೆಂಕಿ, ವಾಹನಗಳ ಬ್ರೇಕು ಮತ್ತು ಟಯರುಗಳ ಸವೆತ – ಇವೆಲ್ಲ ಲೋಹದ ಸೂಕ್ಷ್ಮ ಕಣಗಳನ್ನು ಗಾಳಿಗೆ ಸೇರಿಸುತ್ತವೆ. ಪಾದರಸವಂತೂ ಆವಿಯಾಗಿಯೇ ಬಹುದೂರ ಸಾಗುತ್ತದೆ.

ಈ ಗಾಳಿ ಮರಗಳ ನಡುವೆ ಬಂದಾಗ ಅದರ ವೇಗ ಕುಗ್ಗುತ್ತದೆ. ಕಣಗಳು ಎಲೆ, ತೊಗಟೆಗಳಿಗೆ ಅಂಟಿಕೊಳ್ಳುತ್ತವೆ. ಪಾದರಸದ ಆವಿಯನ್ನು ಎಲೆಗಳು ಪತ್ರರಂಧ್ರಗಳ ಮೂಲಕ ಹೀರಿಕೊಳ್ಳುತ್ತವೆ. ಮಳೆ ಸುರಿದಾಗ, ಎಲೆ ಉದುರಿದಾಗ ಇವು ನೆಲ ಸೇರುತ್ತವೆ. ಎಲೆ ಕೊಳೆತು ಗೊಬ್ಬರವಾಗುತ್ತದೆ, ಲೋಹ ಕೊಳೆಯುವುದಿಲ್ಲ. ಸೀಸವು ಮೇಲ್ಮಣ್ಣಿನಲ್ಲಿ ದಶಕಗಳವರೆಗೆ ಕಚ್ಚಿಕೊಂಡಿರುತ್ತದೆ. ಎಂದರೆ, ಕಾಡು ನಮ್ಮ ವಿಷವನ್ನು ನಾಶಮಾಡುವುದಿಲ್ಲ. ತನ್ನ ಒಡಲಲ್ಲಿ ಕೂಡಿಡುತ್ತದೆ.

ಇದನ್ನು ಅಳೆಯಲು ವಿಜ್ಞಾನಿಗಳು ಕಂಡುಕೊಂಡ ಉಪಾಯ ಸರಳವಾದುದು. ಮಳೆಗಾಲದಲ್ಲಿ ಮರ, ಕಲ್ಲುಗಳ ಮೇಲೆ ಹಸಿರು ಮಕಮಲ್ಲಿನಂತೆ ಹಬ್ಬುವ ಹಾವಸೆಗೆ ನಿಜವಾದ ಬೇರುಗಳಿಲ್ಲ. ಅದು ಬಹುಮಟ್ಟಿಗೆ ಗಾಳಿ, ಮಳೆಗಳಿಂದಲೇ ಆಹಾರ ಪಡೆಯುತ್ತದೆ. ಆದುದರಿಂದ ಗಾಳಿಯಲ್ಲಿದ್ದ ಲೋಹಗಳು ಅದರಲ್ಲಿ ಸಂಗ್ರಹವಾಗುತ್ತವೆ. 1960ರ ದಶಕದ ಕೊನೆಯಲ್ಲಿ ಸ್ವೀಡನ್ನಿನಲ್ಲಿ ಈ ವಿಧಾನ ಬಳಕೆಗೆ ಬಂದಿತು. 2013ರ ಡಿಸೆಂಬರಿನಲ್ಲಿ ಅಮೆರಿಕದ ಪೋರ್ಟ್‌ಲೆಂಡ್ ನಗರದ ಮರಗಳಿಂದ ಹಾವಸೆಯ 346 ಮಾದರಿಗಳನ್ನು ಸಂಗ್ರಹಿಸಿ ಪರೀಕ್ಷಿಸಿದಾಗ, ಬಣ್ಣದ ಗಾಜು ತಯಾರಿಸುವ ಎರಡು ಕಾರಖಾನೆಗಳ ಸಮೀಪದಲ್ಲಿ ಕ್ಯಾಡ್ಮಿಯಂ ಅಧಿಕವಾಗಿರುವುದು ಬೆಳಕಿಗೆ ಬಂದಿತು. ಅಲ್ಲಿಯವರೆಗೆ ಅದು ಯಾರ ಗಮನಕ್ಕೂ ಬಂದಿರಲಿಲ್ಲ.

ಕಾಡಿನ ಸಹನೆಗೂ ಮಿತಿಯುಂಟು. ಕೆನಡಾದ ಸಡ್‌ಬರಿ ನಗರದ ಸುತ್ತ ನಿಕ್ಕಲ್, ತಾಮ್ರಗಳ ಕುಲುಮೆಗಳು ಉಗುಳಿದ ಗಂಧಕದ ಹೊಗೆ ಮತ್ತು ಲೋಹದ ಧೂಳಿನಿಂದ ಕಾಡು ಸತ್ತು, ಕಪ್ಪು ಬಂಡೆಗಳು ಮಾತ್ರ ಉಳಿದಿದ್ದವು. ಹೊಗೆ ತಗ್ಗಿದ ಬಳಿಕ, 1978ರಿಂದ ಜನರು ಮಣ್ಣಿಗೆ ಸುಣ್ಣ ಹಾಕಿ ಲಕ್ಷಾಂತರ ಸಸಿಗಳನ್ನು ನೆಟ್ಟರು. ಇಂದು ಅಲ್ಲಿ ಮತ್ತೆ ಹಸಿರು ಮೂಡಿದೆ.

ಮನುಷ್ಯರಲ್ಲಿ ಇವುಗಳ ಪೆಟ್ಟು ಮೊದಲು ತಗಲುವುದು ಮಕ್ಕಳಿಗೆ. ನುಂಗಿದ ಸೀಸದಲ್ಲಿ ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚಿನ ಪಾಲನ್ನು ಚಿಕ್ಕ ಮಕ್ಕಳ ದೇಹ ಹೀರಿಕೊಳ್ಳಬಲ್ಲದು. ಅದು ಬೆಳೆಯುವ ಮಿದುಳಿಗೆ ಹಾನಿಮಾಡಿ ಕಲಿಯುವ ಶಕ್ತಿಯನ್ನು ಕುಗ್ಗಿಸುತ್ತದೆ. ಇಷ್ಟು ಸೀಸ ನಿರಪಾಯಕರ ಎನ್ನಬಹುದಾದ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕ್ಯಾಡ್ಮಿಯಂ ಮೂತ್ರಪಿಂಡಗಳಲ್ಲಿ ವರ್ಷಾನುಗಟ್ಟಲೆ ಸಂಚಯವಾಗುತ್ತದೆ; ಬೀಡಿ, ಸಿಗರೇಟಿನ ಹೊಗೆಯಲ್ಲಿಯೂ ಅದು ಇದೆ.

ಹಾಗೆಂದು ಎದೆಗುಂದಬೇಕಾಗಿಲ್ಲ. ಭಾರತದಲ್ಲಿ 2000ದಲ್ಲಿ ಸೀಸ ಬೆರೆತ ಪೆಟ್ರೋಲಿನ ಮಾರಾಟ ನಿಂತಿತು. 2021ರಲ್ಲಿ ಜಗತ್ತಿನಲ್ಲೆಲ್ಲ ವಾಹನಗಳಿಗೆ ಅಂಥ ಪೆಟ್ರೋಲು ತುಂಬುವುದು ಕೊನೆಗೊಂಡಿತು. ಅಮೆರಿಕದ ಈಶಾನ್ಯ ಭಾಗದ ಕಾಡುಗಳಲ್ಲಿ, ಅಂಥ ಪೆಟ್ರೋಲು ತೊಲಗಿದ ಮೇಲೆ ನೆಲದ ಮೇಲ್ಪದರದ ಸೀಸ ಕ್ರಮೇಣ ಇಳಿದುದನ್ನು ಸಂಶೋಧಕರು ಕಂಡಿದ್ದಾರೆ. ವಿಷವನ್ನು ಮೂಲದಲ್ಲೇ ತಡೆಯುವುದೊಂದೇ ನಿಜವಾದ ಪರಿಹಾರ.

ನಮ್ಮಿಂದಾಗುವ ಕೆಲಸಗಳೂ ಇವೆ. ವಸತಿ ಸಂಕೀರ್ಣಗಳ ಅಂಗಳದಲ್ಲಿ ಒಣ ಎಲೆಗಳನ್ನು ಗುಡ್ಡೆಮಾಡಿ ಸುಡುವ ರೂಢಿಯನ್ನು ಬಿಡಬೇಕು. ಎಲೆ ಹಿಡಿದಿಟ್ಟ ವಿಷವನ್ನು ಬೆಂಕಿ ಮರಳಿ ಗಾಳಿಗೆ ಒಪ್ಪಿಸುತ್ತದೆ. ವಯರು, ಬ್ಯಾಟರಿಗಳನ್ನು ಸುಡದೆ ಅಧಿಕೃತ ಸಂಗ್ರಹ ಕೇಂದ್ರಗಳಿಗೆ ಕೊಡಬೇಕು. ಮನೆಯ ನೆಲವನ್ನು ಒದ್ದೆ ಬಟ್ಟೆಯಿಂದ ಒರೆಸುವುದು, ಸೊಪ್ಪನ್ನು ಎರಡು ಮೂರು ನೀರಿನಲ್ಲಿ ತೊಳೆಯುವುದು, ಊಟಕ್ಕೆ ಮುನ್ನ ಮಕ್ಕಳ ಕೈ ತೊಳೆಸುವುದು ಒಳಿತು. ಕಬ್ಬಿಣ ಮತ್ತು ಸುಣ್ಣದ ಅಂಶಗಳು ಸಾಕಷ್ಟಿರುವ ಆಹಾರವನ್ನು – ರಾಗಿ, ಸೊಪ್ಪು, ಕಾಳು, ಹಾಲು – ತಿನ್ನುವ ಮಕ್ಕಳ ದೇಹ ಸೀಸವನ್ನು ಕಡಿಮೆ ಹೀರಿಕೊಳ್ಳುತ್ತದೆ.

ಬೊರಿವಲಿಯ ಕಾಡಿನೊಳಗಿನ ತುಳಸಿ, ವಿಹಾರ ಸರೋವರಗಳ ನೀರು ಮುಂಬಯಿಯ ಮನೆಗಳಿಗೆ ಬರುತ್ತದೆ. ಕಾಡು ಉಳಿದರೆ ಅದರ ಮಣ್ಣು ಉಳಿಯುತ್ತದೆ. ಮಣ್ಣು ಕೊಚ್ಚಿಹೋದರೆ ಅದರಲ್ಲಿ ಕೂಡಿಟ್ಟುದೂ ನೀರಿನೊಡನೆ ಹೊರಡುತ್ತದೆ. ನಮಗಾಗಿ ವಿಷವನ್ನು ತಡೆದುಕೊಂಡಿರುವ ಕಾಡನ್ನು ಉಳಿಸುವುದು ಮತ್ತು ಅದರ ಹೊರೆಯನ್ನು ಇಳಿಸುವುದು, ಎರಡೂ ನಮ್ಮ ಹೊಣೆ. ಮುಂದಿನ ರವಿವಾರ ಮಕ್ಕಳೊಡನೆ ಅಲ್ಲಿಗೆ ಹೋದಾಗ ಅವರಿಗೆ ಇದನ್ನೂ ತಿಳಿಸಿರಿ.