ಸಹಿ ಹಾಕಿದವರೇ ಉತ್ತರ ಕೊಡಬೇಕು

2024ರ ಫೆಬ್ರವರಿಯಲ್ಲಿ ಒಂದು ಇಲಿಯ ಚಿತ್ರ ಪ್ರಪಂಚದಾದ್ಯಂತ ವಿಜ್ಞಾನಿಗಳನ್ನು ನಗಿಸಿತು. ನಕ್ಕವರೇ ಆಮೇಲೆ ತಲೆ ಮೇಲೆ ಕೈ ಹೊತ್ತು ಕೂತರು. ಯಾಕಂದ್ರೆ ಆ ಚಿತ್ರ ಬಂದಿದ್ದು ‘ಫ್ರಾಂಟಿಯರ್ಸ್ ಇನ್ ಸೆಲ್ ಅಂಡ್ ಡೆವಲಪ್‌ಮೆಂಟಲ್ ಬಯಾಲಜಿ’ ಎಂಬ ವಿಜ್ಞಾನ ಸಂಶೋಧನಾ ಪತ್ರಿಕೆಯಲ್ಲಿ. ವೀರ್ಯಾಣು ಉತ್ಪತ್ತಿ ಮಾಡುವ ಕಾಂಡಕೋಶಗಳ ಬಗ್ಗೆ ಚೀನಾದ ಸಂಶೋಧಕರು ಬರೆದ ಲೇಖನ ಅದು. ಚಿತ್ರದಲ್ಲಿದ್ದ ಇಲಿಯ ಜನನಾಂಗ ಇಲಿಗಿಂತ ದೊಡ್ಡದಾಗಿತ್ತು. ಪಕ್ಕದಲ್ಲಿ ಗೆರೆ ಎಳೆದು ಬರೆದಿದ್ದ ಹೆಸರುಗಳು ಯಾವ ನಿಘಂಟಿನಲ್ಲೂ ಸಿಗದ ಅಕ್ಷರಗಳ ಗೊಂಚಲು. ‘ಮಿಡ್‌ಜರ್ನಿ’ ಅನ್ನೋ ಎಐ ತಂತ್ರಾಂಶ ಬಿಡಿಸಿದ ಚಿತ್ರ ಅದು. ಸಂಪಾದಕರನ್ನೂ ದಾಟಿ, ವಿಮರ್ಶಕರನ್ನೂ ದಾಟಿ ಪ್ರಕಟವಾಗಿಬಿಟ್ಟಿತ್ತು. ಗಲಾಟೆಯಾದ ಮೇಲೆ, ಮೂರೇ ದಿನದಲ್ಲಿ ಪತ್ರಿಕೆ ಆ ಲೇಖನವನ್ನು ವಾಪಸ್ ಪಡೆಯಿತು.

ಇಷ್ಟು ಕಥೆ ಬಹಳ ಜನಕ್ಕೆ ಗೊತ್ತು. ಅದರಲ್ಲಿ ಇನ್ನೊಂದು ಭಾಗ ಇದೆ, ನನಗೆ ಮುಖ್ಯ ಅನ್ನಿಸೋದು ಅದೇ. ಆ ಲೇಖಕರು ಎಐ ಬಳಸಿದ್ದನ್ನು ಮುಚ್ಚಿಟ್ಟಿರಲಿಲ್ಲ. ಚಿತ್ರಗಳನ್ನು ಮಿಡ್‌ಜರ್ನಿಯಿಂದ ಮಾಡಿಸಿದ್ದೇವೆ ಅಂತ ಲೇಖನದಲ್ಲೇ ಬರೆದಿದ್ದರು. ವಿಮರ್ಶಕರೊಬ್ಬರು ಚಿತ್ರಗಳ ಬಗ್ಗೆ ಆಕ್ಷೇಪ ಎತ್ತಿ, ತಿದ್ದಿ ಕೊಡಿ ಅಂತ ಕೇಳಿದ್ದರು, ಲೇಖಕರು ಅದಕ್ಕೆ ಉತ್ತರಿಸಲಿಲ್ಲ ಅಂತ ಆಮೇಲೆ ಪ್ರಕಾಶನ ಸಂಸ್ಥೆಯೇ ಹೇಳಿತು. ಅಂದ್ರೆ ಘೋಷಣೆ ಇತ್ತು. ಪ್ರಶ್ನೆಯೂ ಇತ್ತು. ಉತ್ತರ ಬರೋ ತನಕ ಇದು ಅಚ್ಚಾಗೋದಿಲ್ಲ ಅಂತ ಬಾಗಿಲಲ್ಲಿ ಅಡ್ಡ ನಿಲ್ಲುವವರು ಮಾತ್ರ ಇರಲಿಲ್ಲ.

‘ಯಾವುದೋ ಜರ್ನಲ್, ಯಾವುದೋ ಇಲಿ, ನಮಗೇನು ಸಂಬಂಧ ಸ್ವಾಮಿ?’ ಅಂತ ನೀವು ಕೇಳಬಹುದು. ಸಂಬಂಧ ಇದೆ. ನಿಮ್ಮ ಡಾಕ್ಟರು ನಿಮಗೆ ಬರೆದುಕೊಡುವ ಮಾತ್ರೆಯ ಹಿಂದೆ, ನಿಮ್ಮ ಹೊಲಕ್ಕೆ ಶಿಫಾರಸು ಮಾಡುವ ತಳಿಯ ಹಿಂದೆ, ಎಲ್ಲೋ ಒಂದು ಸಂಶೋಧನಾ ಲೇಖನ ಇರುತ್ತೆ. ಇನ್ನು ದುಡ್ಡಿನ ಲೆಕ್ಕ. ಕೇಂದ್ರ ಸರ್ಕಾರ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆಯಲ್ಲಿ 2025ರಿಂದ 2027ರವರೆಗೆ, ಮೂರು ವರ್ಷಕ್ಕೆ, 6,000 ಕೋಟಿ ರೂಪಾಯಿ ತೆಗೆದಿಟ್ಟಿದೆ. ಸುಮಾರು 13,000 ಅಂತಾರಾಷ್ಟ್ರೀಯ ಜರ್ನಲ್‌ಗಳನ್ನು ನಮ್ಮ ಸರ್ಕಾರಿ ವಿದ್ಯಾಸಂಸ್ಥೆಗಳ ವಿದ್ಯಾರ್ಥಿಗಳು, ಅಧ್ಯಾಪಕರು ಓದಬೇಕು ಅಂತ. ಒಳ್ಳೆ ಯೋಜನೆ. ಆದರೆ ಅದು ನಿಮ್ಮ ತೆರಿಗೆ ಹಣ. ದುಡ್ಡು ಕೊಟ್ಟು ತರಿಸೋ ಅಕ್ಕಿಯಲ್ಲಿ ಕಲ್ಲೆಷ್ಟಿದೆ ಅಂತ ಕೇಳೋ ಹಕ್ಕು ನಮಗಿಲ್ವಾ?

ಕಲ್ಲು ಸಿಕ್ಕಿದೆ. ಅದೇ 2024ರ ಮಾರ್ಚಿನಲ್ಲಿ ‘ಸರ್ಫೇಸಸ್ ಅಂಡ್ ಇಂಟರ್‌ಫೇಸಸ್’ ಎಂಬ ಜರ್ನಲ್‌ನ ಒಂದು ಲೇಖನ ಬೆಳಕಿಗೆ ಬಂತು. ಲಿಥಿಯಂ ಬ್ಯಾಟರಿ ಬಗ್ಗೆ ಬರೆದ ಲೇಖನ. ಅದರ ಪೀಠಿಕೆಯ ಮೊದಲ ಸಾಲೇ ‘ಖಂಡಿತ, ನಿಮ್ಮ ವಿಷಯಕ್ಕೆ ಒಂದು ಸಂಭಾವ್ಯ ಪೀಠಿಕೆ ಇಲ್ಲಿದೆ’ ಅನ್ನೋ ಅರ್ಥದ ಇಂಗ್ಲಿಷ್ ವಾಕ್ಯ. ಚಾಟ್‌ಬಾಟ್ ಕೊಟ್ಟ ಉತ್ತರವನ್ನು ಓದಿಯೂ ನೋಡದೆ ಅಂಟಿಸಿದ್ದರು. ಲೇಖಕರು ಓದಲಿಲ್ಲ, ವಿಮರ್ಶಕರು ಓದಲಿಲ್ಲ, ಸಂಪಾದಕರು ಓದಲಿಲ್ಲ. ಅದೇ ದಿನಗಳಲ್ಲಿ ‘ರೇಡಿಯಾಲಜಿ ಕೇಸ್ ರಿಪೋರ್ಟ್ಸ್’ ಜರ್ನಲ್‌ನಲ್ಲಿ ಇನ್ನೊಂದು ಸಿಕ್ಕಿತು. ನಾಲ್ಕು ತಿಂಗಳ ಒಂದು ಹೆಣ್ಣು ಮಗು, ಅದರ ಯಕೃತ್ತಿನ ರಕ್ತನಾಳಗಳಿಗೆ ಆದ ಗಾಯ, ಅದಕ್ಕೆ ಕೊಟ್ಟ ಚಿಕಿತ್ಸೆಯ ವರದಿ. ಆ ವರದಿಯ ಕೊನೆಯಲ್ಲಿ ಯಂತ್ರ ಕ್ಷಮೆ ಕೇಳುತ್ತಿದೆ: ನಾನೊಂದು ಎಐ ಭಾಷಾ ಮಾದರಿ, ರೋಗಿಯ ಮಾಹಿತಿ ನನ್ನ ಬಳಿ ಇಲ್ಲ ಅಂತ.

ಇಲಿಯನ್ನು ನೋಡಿ ನಗಬಹುದು. ಇದನ್ನು ಓದಿದಾಗ ನನಗೆ ನಗು ಬರಲಿಲ್ಲ. ನಾಳೆ ಇನ್ನೊಂದು ಊರಿನ ಆಸ್ಪತ್ರೆಯಲ್ಲಿ, ಅಂಥದ್ದೇ ಗಾಯ ಆದ ಇನ್ನೊಂದು ಮಗುವನ್ನು ಮುಂದಿಟ್ಟುಕೊಂಡ ಡಾಕ್ಟರು ಹುಡುಕೋದು ಇಂಥ ವರದಿಗಳನ್ನೇ.

ತಪ್ಪು ಯಂತ್ರದ್ದಾ? ಯಂತ್ರ ಏನು ಮಾಡುತ್ತೆ ಅಂತ ಮೊದಲು ತಿಳ್ಕೊಳ್ಳೋಣ. ಚಾಟ್‌ಜಿಪಿಟಿಯಂಥ ತಂತ್ರಾಂಶ ರಾಶಿ ರಾಶಿ ಬರಹವನ್ನು ಅರೆದು ಕುಡಿದು, ಒಂದು ಪದದ ಮುಂದೆ ಯಾವ ಪದ ಬರೋ ಸಾಧ್ಯತೆ ಹೆಚ್ಚು ಅಂತ ಲೆಕ್ಕ ಹಾಕಿ ವಾಕ್ಯ ಕಟ್ಟುತ್ತೆ. ಸರಾಗವಾಗಿ ಕಟ್ಟುತ್ತೆ. ಆದರೆ ಸರಾಗ ಬೇರೆ, ಸತ್ಯ ಬೇರೆ. ಆಧಾರ ಗ್ರಂಥಗಳನ್ನು ಕೊಡು ಅಂದ್ರೆ ಎಷ್ಟೋ ಸಲ ಇಲ್ಲದ ಗ್ರಂಥಕ್ಕೆ ಇಲ್ಲದ ಪುಟಸಂಖ್ಯೆ ಹಾಕಿ ಕೊಡುತ್ತೆ. ಸುಳ್ಳು ಹೇಳೋ ಉದ್ದೇಶ ಅದಕ್ಕಿಲ್ಲ. ನಿಜ ಹೇಳಬೇಕು ಅನ್ನೋ ಹಂಗೂ ಅದಕ್ಕಿಲ್ಲ.

ಚಾಟ್‌ಜಿಪಿಟಿ ಜನರ ಕೈಗೆ ಬಂದಿದ್ದು 2022ರ ನವೆಂಬರ್ 30ರಂದು. ಎರಡೇ ತಿಂಗಳಲ್ಲಿ ಅದರ ಹೆಸರನ್ನು ಸಹಲೇಖಕ ಅಂತ ಹಾಕಿದ ಲೇಖನಗಳು ಬರತೊಡಗಿದವು. 2023ರ ಜನವರಿಯಲ್ಲಿ ‘ನೇಚರ್’ ಪತ್ರಿಕೆ ‘ಯಂತ್ರವನ್ನು ಲೇಖಕ ಅಂತ ಒಪ್ಪೋದಿಲ್ಲ, ಬಳಸಿದ್ದರೆ ಲೇಖನದಲ್ಲಿ ಹೇಳಿ’ ಅಂದಿತು. ‘ಸೈನ್ಸ್’ ಪತ್ರಿಕೆ ಇನ್ನೂ ಬಿಗಿಯಾಗಿ, ಎಐ ಬರೆದ ಪಠ್ಯವೇ ಬೇಡ ಅಂದಿತು. ಅದೇ ವರ್ಷ ನವೆಂಬರಿನಲ್ಲಿ ಸಡಿಲಿಸಿ, ಬಳಸಿ, ಆದರೆ ಎಲ್ಲಿ ಹೇಗೆ ಬಳಸಿದಿರಿ ಅಂತ ತಿಳಿಸಿ ಅಂದಿತು. ಪ್ರಕಾಶನ ನೀತಿಯ ‘ಕೋಪ್’ ಸಮಿತಿ, ವೈದ್ಯಕೀಯ ಪತ್ರಿಕೆಗಳ ಸಂಪಾದಕರ ಅಂತಾರಾಷ್ಟ್ರೀಯ ಸಮಿತಿ, ಎಲ್ಲರೂ ಒಂದೇ ಮಾತು ಹೇಳಿದರು.

ಯಂತ್ರ ಲೇಖಕ ಯಾಕಲ್ಲ? ಅದು ಬುದ್ಧಿವಂತಿಕೆಯ ಪ್ರಶ್ನೆ ಅಲ್ಲವೇ ಅಲ್ಲ. ಲೇಖಕ ಅಂದ್ರೆ ನಾಳೆ ಯಾರಾದರೂ ‘ಈ ಅಂಕಿ ಎಲ್ಲಿಂದ ಬಂತು?’ ಅಂತ ಕೇಳಿದರೆ ಎದ್ದು ನಿಂತು ಉತ್ತರ ಹೇಳುವವನು. ಔಷಧ ಕಂಪನಿಯಿಂದ ದುಡ್ಡು ತಗೊಂಡಿದ್ದರೆ ಹೌದು ಅಂತ ಒಪ್ಪಿಕೊಳ್ಳುವವನು. ತಪ್ಪಾದರೆ ಮರ್ಯಾದೆ ಕಳ್ಕೊಳ್ಳುವವನು. ಯಂತ್ರಕ್ಕೆ ಕಳ್ಕೊಳ್ಳೋಕೆ ಮರ್ಯಾದೆ ಎಲ್ಲಿದೆ? ನನ್ನ ಕೆಲಸದಲ್ಲೂ ಇದೇ ನಿಯಮ. ನನ್ನ ಮುಂದೆ ಟೆಲಿಪ್ರಾಂಪ್ಟರ್ ಇರುತ್ತೆ, ಅದರಲ್ಲಿ ಬಂದದ್ದನ್ನು ಓದ್ತೀನಿ. ಸುದ್ದಿ ಸುಳ್ಳಾದರೆ ನೀವು ಟೆಲಿಪ್ರಾಂಪ್ಟರನ್ನು ಬೈಯಲ್ಲ, ನನ್ನನ್ನು ಬೈತೀರಿ. ಬೈಯಲೂಬೇಕು.

ಹಾಗಂತ ಎಐ ಮುಟ್ಟಲೇಬಾರದು ಅಂತ ಹೇಳುವವರ ಜೊತೆ ನಾನಿಲ್ಲ. ಕನ್ನಡ ಮಾಧ್ಯಮದಲ್ಲಿ ಓದಿದ ಒಬ್ಬ ಹುಡುಗಿಯನ್ನು ನೆನೆಸಿಕೊಳ್ಳಿ. ಲ್ಯಾಬಿನಲ್ಲಿ ಅವಳ ಪ್ರಯೋಗ ಅಪ್ಪಟ. ಆದರೆ ಬರೀಬೇಕಾದ್ದು ಇಂಗ್ಲಿಷಿನಲ್ಲಿ. ಇಷ್ಟು ದಿನ ದುಡ್ಡಿದ್ದವರು ಭಾಷೆ ತಿದ್ದುವ ಸಂಸ್ಥೆಗಳಿಗೆ ಕೊಟ್ಟು ತಿದ್ದಿಸ್ತಿದ್ರು. ಈಗ ಆ ಕೆಲಸ ಅವಳ ಮೊಬೈಲಿನಲ್ಲೇ ಆಗುತ್ತೆ. ಇದು ಅನ್ಯಾಯ ಹೇಗಾಗುತ್ತೆ? ಸ್ಪ್ರಿಂಗರ್ ನೇಚರ್‌ನಂಥ ಪ್ರಕಾಶಕರು, ತಾನೇ ಬರೆದದ್ದರ ವ್ಯಾಕರಣ, ಕಾಗುಣಿತ ತಿದ್ದಿಸಿಕೊಂಡರೆ ಅದನ್ನು ಘೋಷಿಸೋದೂ ಬೇಡ ಅಂತಾರೆ. ಬರೆಸಿಕೊಂಡರೆ ಹೇಳಿ ಅಂತಾರೆ. ಎಐ ಬಿಡಿಸಿದ ಚಿತ್ರಗಳನ್ನಂತೂ ಕೆಲವೇ ವಿನಾಯಿತಿ ಬಿಟ್ಟು ಒಪ್ಪೋದಿಲ್ಲ. ಈ ಗೆರೆ ಸರಿಯಾಗಿದೆ ಅಂತ ನನ್ನ ಅಭಿಪ್ರಾಯ.

ಇಲ್ಲಿ ಇನ್ನೊಂದು ಅಪಾಯವೂ ಇದೆ. ಬರಹ ಎಐದ್ದೋ ಮನುಷ್ಯರದ್ದೋ ಅಂತ ಪತ್ತೆ ಹಚ್ಚುವ ತಂತ್ರಾಂಶಗಳನ್ನು ನಂಬಿ ಶಿಕ್ಷೆ ಕೊಡೋದು. ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪನಿಯೇ ತನ್ನ ಪತ್ತೆ ಯಂತ್ರವನ್ನು, ನಿಖರತೆ ಸಾಲದು ಅಂತ 2023ರ ಜುಲೈನಲ್ಲಿ ಹಿಂದೆಗೆದುಕೊಂಡಿತು. ಅದೇ ವರ್ಷ ಸ್ಟ್ಯಾನ್‌ಫರ್ಡ್ ಸಂಶೋಧಕರು, ಇಂಗ್ಲಿಷ್ ಮಾತೃಭಾಷೆ ಅಲ್ಲದವರು ಸ್ವಂತ ಕೈಯಲ್ಲಿ ಬರೆದ ಟೋಫೆಲ್ ಪ್ರಬಂಧಗಳನ್ನು ಇಂಥ ಏಳು ತಂತ್ರಾಂಶಗಳಿಗೆ ಕೊಟ್ಟು ನೋಡಿದರು. ಸರಾಸರಿ ಅರ್ಧಕ್ಕಿಂತ ಹೆಚ್ಚು ಪ್ರಬಂಧಗಳು ಎಐ ಬರೆದದ್ದು ಅಂತ ತೀರ್ಪು ಬಂತು. ಸರಳ ಪದ, ಸರಳ ವಾಕ್ಯ ಬರೆದದ್ದೇ ಅವರ ತಪ್ಪು. ಅಂಥ ತೀರ್ಪಿನ ಮೇಲೆ ನಮ್ಮ ಹುಡುಗಿಯ ಪಿಎಚ್‌ಡಿ ತಡೆದರೆ ಹೊಣೆ ಯಾರು?

ಇನ್ನು ವಿಮರ್ಶಕರು. ಪ್ರಕಟವಾಗದ ಲೇಖನವನ್ನು ಗುಟ್ಟಾಗಿ ಓದಿ ಅಭಿಪ್ರಾಯ ಹೇಳಬೇಕಾದವರು. ಪುಕ್ಕಟೆ ಕೆಲಸ, ಪುರುಸೊತ್ತಿಲ್ಲ. ಕೆಲವರು ಅದನ್ನು ಚಾಟ್‌ಬಾಟ್‌ಗೆ ಹಾಕಿ ಅಭಿಪ್ರಾಯ ಬರೆಸ್ತಾರೆ. ಬೇರೆಯವರು ನಂಬಿ ಕೊಟ್ಟ ಹಸ್ತಪ್ರತಿಯನ್ನು ಹೀಗೆ ಹೊರಗೆ ಹಾಕೋದು ನಂಬಿಕೆದ್ರೋಹ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಅನುದಾನ ಅರ್ಜಿಗಳ ಪರಿಶೀಲನೆಯಲ್ಲಿ 2023ರ ಜೂನ್‌ನಲ್ಲೇ ಇದನ್ನು ನಿಷೇಧಿಸಿತು. ಜಾಣರು ಅದಕ್ಕೂ ಒಂದು ಹೆಜ್ಜೆ ಮುಂದೆ ಹೋದರು. 2025ರ ಜುಲೈನಲ್ಲಿ ಜಪಾನಿನ ‘ನಿಕ್ಕೆ’ ಪತ್ರಿಕೆ ಎಂಟು ದೇಶಗಳ 14 ಸಂಸ್ಥೆಗಳಿಂದ ಬಂದ 17 ಲೇಖನಗಳನ್ನು ಪತ್ತೆ ಮಾಡಿತು. ಇನ್ನೂ ಪ್ರಕಟಣೆಗೆ ಮುಂಚಿನ ಹಂತದಲ್ಲಿ ‘ಆರ್‌ಕೈವ್’ ತಾಣದಲ್ಲಿದ್ದ ಲೇಖನಗಳು. ಬಿಳಿ ಹಾಳೆಯ ಮೇಲೆ ಬಿಳಿ ಅಕ್ಷರದಲ್ಲಿ, ಮನುಷ್ಯರ ಕಣ್ಣಿಗೆ ಕಾಣದ ಹಾಗೆ, ‘ಒಳ್ಳೆಯ ಅಭಿಪ್ರಾಯವನ್ನೇ ಕೊಡು’ ಅಂತ ಯಂತ್ರಕ್ಕೆ ಆಜ್ಞೆ ಬರೆದಿಟ್ಟಿದ್ದರು. ಯಂತ್ರ ಬರೆಯೋದು, ಯಂತ್ರ ಓದೋದು, ಯಂತ್ರ ಪಾಸು ಮಾಡೋದು. ನಡುವೆ ಮನುಷ್ಯರು ಯಾತಕ್ಕೆ? ಸಂಬಳಕ್ಕಾ?

ಈ ರೋಗ ಎಐನಿಂದ ಹುಟ್ಟಿದ್ದಲ್ಲ. 2023ರಲ್ಲಿ ‘ಹಿಂದಾವಿ’ ಪ್ರಕಾಶನದ 8,000ಕ್ಕೂ ಹೆಚ್ಚು ಲೇಖನಗಳು ವಾಪಸ್ ಆದವು. ಮುಖ್ಯ ಕಾರಣ, ವಿಮರ್ಶೆಯ ಹೆಸರಲ್ಲಿ ನಡೆದ ಮೋಸ. ಬಡ್ತಿ ಬೇಕಾದರೆ ಇಷ್ಟು ಲೇಖನ, ಶ್ರೇಯಾಂಕ ಬೇಕಾದರೆ ಇಷ್ಟು ಲೇಖನ ಅಂತ ತೂಕದ ಲೆಕ್ಕ ಹಾಕಿದ್ದು ನಾವು. ತೂಕ ಕೇಳಿದರೆ ಜನ ಕಲ್ಲು ಬೆರೆಸ್ತಾರೆ. ಎಐ ಬಂದ ಮೇಲೆ ಬೆರೆಸೋದು ಸುಲಭವಾಗಿದೆ, ಅಷ್ಟೆ.

ಹಾಗಾದರೆ ಏನು ಮಾಡಬೇಕು? ಎಐ ಬಳಸಿದ್ದೇನೆ ಅಂತ ಒಂದು ಸಾಲು ಬರೆದು ಕೈ ತೊಳ್ಕೊಳ್ಳೋದು ಸಾಲದು ಅಂತ ಆ ಇಲಿ ತೋರಿಸಿಕೊಟ್ಟಿದೆ. ಲೇಖಕರು ಪ್ರತಿ ವಾಕ್ಯವನ್ನೂ, ಪ್ರತಿ ಉಲ್ಲೇಖವನ್ನೂ ತಾವೇ ತೆರೆದು ನೋಡಿರಬೇಕು. ವಿಮರ್ಶಕರಿಗೆ ಪುರುಸೊತ್ತಿಲ್ಲದಿದ್ದರೆ ಆಗೋದಿಲ್ಲ ಅನ್ನಬೇಕು, ಯಂತ್ರಕ್ಕೆ ವಹಿಸಬಾರದು. ಸಂಪಾದಕರು ಕೇಳಿದ ಪ್ರಶ್ನೆಗೆ ಉತ್ತರ ಬಂದಿದೆಯಾ ಅಂತ ನೋಡಿ ಆಮೇಲೆ ಅಚ್ಚಿಗೆ ಕಳಿಸಬೇಕು. ನಮ್ಮ ವಿಶ್ವವಿದ್ಯಾಲಯಗಳು ಲೇಖನ ಎಷ್ಟು ಅಂತ ಕೇಳೋದನ್ನು ಬಿಟ್ಟು, ಒಂದೇ ಲೇಖನ ಮುಂದಿಟ್ಟುಕೊಂಡು, ಇದರಲ್ಲಿ ನೀನು ಏನು ಮಾಡಿದೆ, ವಿವರಿಸು ಅಂತ ಎದುರಿಗೆ ಕೂರಿಸಿ ಕೇಳಬೇಕು. ನಿಜವಾಗಿ ಕೆಲಸ ಮಾಡಿದ ಹುಡುಗಿಗೆ ಆ ಪ್ರಶ್ನೆಯ ಭಯ ಇರೋದಿಲ್ಲ. ಇಂಗ್ಲಿಷಿನಲ್ಲಿ ತಡವರಿಸಿದರೆ ಕನ್ನಡದಲ್ಲೇ ಹೇಳಲಿ ಬಿಡಿ, ಉತ್ತರ ಅವಳದ್ದಾಗಿದ್ದರೆ ಸಾಕು.