ಹಿತ್ತಲಿನ ಹಿಂಗಾರಿ ಸೊಪ್ಪು

ಉತ್ತರಿ, ಹಸ್ತ ಮಳೆಗಳು ಬೀಳುವ ಹೊತ್ತಿಗೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಎರೆ ಹೊಲಗಳಲ್ಲಿ ಬಿಳಿಜೋಳದ ಬಿತ್ತನೆ ಶುರುವಾಗುತ್ತದೆ. ಬೇಸಿಗೆಯಲ್ಲಿ ಒಣಗಿದ್ದ ಮನೆಯ ಹಿತ್ತಲಿಗೂ ಇದೇ ಸರಿಯಾದ ಹಂಗಾಮು. ಬಿಸಿಲಿಗೆ ಬೇಗ ಹೂಬಿಟ್ಟು ಕೆಡುವ ಮೆಂತೆ, ಕೊತ್ತಂಬರಿ, ಪಾಲಕ್ ಈಗಿನ ತಂಪಿನಲ್ಲಿ ಸೊಂಪಾಗಿ ಬೆಳೆಯುತ್ತವೆ.

ಈ ಸೊಪ್ಪಿನ ಅಗತ್ಯ ನಮಗೆಷ್ಟಿದೆ? 2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 47.8 ಮಂದಿಗೆ, ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 65.5 ಮಂದಿಗೆ ರಕ್ತಹೀನತೆಯಿದೆ. ಮಾಂಸದಲ್ಲಿ ಕಬ್ಬಿಣಾಂಶವಿದೆ ನಿಜ. ಆದರೆ ಅದು ದಿನವೂ ಮನೆಗೆ ಬರುವುದಿಲ್ಲ. ಬಂದ ದಿನವೂ ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವ ತಾಯಿಯ ತಟ್ಟೆಗೆ ಹೆಚ್ಚಾಗಿ ಸಾರು ಮಾತ್ರ ಉಳಿಯುತ್ತದೆ. ಹಿತ್ತಲಿನ ಸೊಪ್ಪು ಆಕೆಗೂ ದಿನವೂ ಸಿಗುತ್ತದೆ.

ದೊಡ್ಡ ಜಾಗ ಬೇಕಿಲ್ಲ. ನಾಲ್ಕೈದು ತಾಸು ಬಿಸಿಲು ಬೀಳುವ ಮೂಲೆ ಅಥವಾ ಮಾಳಿಗೆಯ ಮೇಲೆ ಹಳೆಯ ಚೀಲ, ಬುಟ್ಟಿ ಸಾಕು. ಎರೆ ಮಣ್ಣು ನೀರು ಹಿಡಿದು ಬೇರು ಕೊಳೆಸುತ್ತದೆ. ಆದ್ದರಿಂದ ಮರಳು, ಹಳೆಯ ಗೊಬ್ಬರ ಬೆರೆಸಿ ಗೇಣುದ್ದ ಎತ್ತರದ ಮಡಿ ಮಾಡಿ. ಅಡುಗೆಮನೆಯ ಡಬ್ಬಿಯ ಮೆಂತೆಯೇ ಬೀಜವಾಗುತ್ತದೆ. ಕೊತ್ತಂಬರಿ ಕಾಳನ್ನು ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿ, ರಾತ್ರಿ ನೆನೆಸಿ ಬಿತ್ತಿ. ಮೆಂತೆ, ರಾಜಗಿರಿ ಸುಮಾರು ಒಂದು ತಿಂಗಳಲ್ಲಿ ಕೈಗೆ ಬರುತ್ತವೆ. ಒಂದೇ ದಿನ ಎಲ್ಲವನ್ನೂ ಬಿತ್ತದೆ ಹದಿನೈದು ದಿನಕ್ಕೊಂದು ಮಡಿ ಬಿತ್ತಿದರೆ ಸೊಪ್ಪು ತಪ್ಪುವುದಿಲ್ಲ. ಮೂಲೆಯಲ್ಲೊಂದು ನುಗ್ಗೆ ಗಿಡವಿರಲಿ.

ನಮ್ಮ ಭಾಗದಲ್ಲಿ ಮೆಂತೆ, ಮೂಲಂಗಿ, ಉಳ್ಳಾಗಡ್ಡಿ ತಪ್ಪಲನ್ನು ರೊಟ್ಟಿಯ ಜೊತೆ ಹಸಿಯಾಗಿಯೇ ತಿನ್ನುತ್ತೇವೆ. ಆದ್ದರಿಂದ ಸ್ವಚ್ಛತೆ ಮುಖ್ಯ. ಹಸಿ ಸಗಣಿ, ಚರಂಡಿ ನೀರು ಸೊಪ್ಪಿನ ಮಡಿಗೆ ಬೇಡ. ಇವುಗಳಿಂದ ಜಂತುಹುಳು, ಭೇದಿ ಬರುತ್ತವೆ. ಕೋಳಿ, ಆಡು ಒಳಗೆ ಬರದಂತೆ ಬೇಲಿ ಕಟ್ಟಿ. ಕೊಯ್ದ ಸೊಪ್ಪನ್ನು ಮಣ್ಣು ಹೋಗುವವರೆಗೆ ಎರಡು ಮೂರು ಬಾರಿ ಶುದ್ಧ ನೀರಿನಲ್ಲಿ ತೊಳೆಯಿರಿ. ವುಝೂ ಮಾಡಿದ ನೀರನ್ನು ಪಾತ್ರೆಯಲ್ಲಿ ಹಿಡಿದು ನುಗ್ಗೆ, ಬದನೆ, ಮೆಣಸಿನ ಗಿಡದ ಬುಡಕ್ಕೆ ಹಾಕಬಹುದು. ಪ್ರವಾದಿ(ಸ)ರವರು ಸುಮಾರು ಮುಕ್ಕಾಲು ಲೀಟರಿನಷ್ಟು ನೀರಿನಲ್ಲಿ ವುಝೂ ಮುಗಿಸುತ್ತಿದ್ದರು. ನೀರಿನ ಕೊರತೆಯಿರುವ ನಮಗೆ ಇದೊಂದು ಪಾಠ.

ಡೆಂಗ್ಯೂ ಹರಡುವ ಕಾಲವೂ ಇದೇ. ನೀರು ತುಂಬಿಟ್ಟ ಡ್ರಮ್ಮಿಗೆ ಮುಚ್ಚಳವಿರಲಿ. ಕುಂಡದ ಕೆಳಗಿನ ತಟ್ಟೆಯನ್ನು ವಾರಕ್ಕೊಮ್ಮೆ ಬರಿದು ಮಾಡಿ, ಉಜ್ಜಿ ಒಣಗಿಸಿ.

ಊಟದಲ್ಲಿ ಸೊಪ್ಪಿಗೆ ನಮ್ಮ ಇಂಡಿಯ ಲಿಂಬೆಹಣ್ಣು ಹಿಂಡಿಕೊಂಡರೆ ಕಬ್ಬಿಣಾಂಶ ಚೆನ್ನಾಗಿ ಮೈಗೆ ಹತ್ತುತ್ತದೆ. ಉಂಡ ಕೂಡಲೇ ಚಹಾ ಕುಡಿದರೆ ಅದಕ್ಕೆ ಅಡ್ಡಿಯಾಗುತ್ತದೆ. ಒಂದು ತಾಸು ತಡೆಯಿರಿ. ಸೊಪ್ಪು ತಿನ್ನುತ್ತೇವೆಂದು ಗರ್ಭಿಣಿಯರು ಕಬ್ಬಿಣದ ಮಾತ್ರೆ ಬಿಡಬಾರದು. ತಲೆಸುತ್ತು, ಏದುಸಿರು ಇದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ.

ಮುಸ್ಲಿಮನೊಬ್ಬ ನೆಟ್ಟ ಗಿಡ, ಬಿತ್ತಿದ ಬೆಳೆಯಿಂದ ಮನುಷ್ಯ, ಹಕ್ಕಿ, ಪ್ರಾಣಿ ಯಾವುದು ತಿಂದರೂ ಅದು ಅವನಿಗೆ ಸದಕಾ ಎಂದು ಪ್ರವಾದಿ(ಸ)ರವರು ತಿಳಿಸಿದ್ದಾರೆ. ಮೊದಲ ಕೊಯ್ಲಿನಲ್ಲಿ ನೆರೆಮನೆಗೊಂದು ಕಟ್ಟು ಹೋಗಲಿ, ಮನೆಯ ತಾಯಿಯ ತಟ್ಟೆಗೂ ಒಂದು ಪಾಲು ಮೊದಲೇ ಎತ್ತಿಡಿ.